ಶಾಖ ಸೇದುವ ಕಪಿಲೆ

ಮಗಳ ಮನೆಗೆಂದು ಕೆನಡಾಕ್ಕೆ ಹೋಗಿ ಬಂದ ಓದುಗರೊಬ್ಬರು ಕೇಳಿದ್ದಾರೆ: 'ಹೊರಗೆ ಬಿಸಿಲಿಗೆ ಜನ ಚಡ್ಡಿಯಲ್ಲಿ ಓಡಾಡುತ್ತಿದ್ದರು. ಒಳಗೆ ನನ್ನ ಮೊಮ್ಮಗ ಐಸ್ ಮೇಲೆ ಹಾಕಿ ಆಡುತ್ತಿದ್ದ. ಮೈದಾನದಷ್ಟು ಅಗಲದ ಐಸು ಕರಗದೆ ನಿಲ್ಲುವುದು ಹೇಗೆ?'

ಉತ್ತರಕ್ಕೆ ಫರ್ನಿ ಎಂಬ ಪುಟ್ಟ ಊರನ್ನೇ ನೋಡೋಣ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಆಗ್ನೇಯ ಮೂಲೆಯಲ್ಲಿ, ರಾಕಿ ಪರ್ವತಗಳ ನಡುವೆ ಇರುವ ಈ ಊರಿನ ಜನಸಂಖ್ಯೆ ಆರು ಸಾವಿರ ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಆದರೆ ಅದಕ್ಕೊಂದು ನಗರಾಡಳಿತವಿದೆ, ಆ ನಗರಾಡಳಿತಕ್ಕೆ ಸ್ವಂತದ್ದೊಂದು ಒಳಾಂಗಣ ಐಸ್ ಅಂಗಳವಿದೆ: ಫರ್ನಿ ಮೆಮೋರಿಯಲ್ ಅರೀನಾ. ಊರಿನ ಜೂನಿಯರ್ ಹಾಕಿ ತಂಡ ಘೋಸ್ಟ್‌ರೈಡರ್ಸ್ ಆಡುವುದು ಇಲ್ಲೇ.

ಉತ್ತರ ಅಮೆರಿಕದ ಹಾಕಿ ಅಂಗಳದ ಅಳತೆ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಐಸಿನ ದಪ್ಪ ಮಾತ್ರ ಮೂರು ಸೆಂಟಿಮೀಟರಿನ ಆಸುಪಾಸು. ಅಷ್ಟಕ್ಕೆ ಬೇಕಾಗುವ ನೀರು ನಲವತ್ತೈದು ಸಾವಿರ ಲೀಟರಿನಷ್ಟು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರುವ ನಾಲ್ಕು ದೊಡ್ಡ ಟ್ಯಾಂಕರ್ ಸಾಕು. ಈ ತೆಳು ಹಾಳೆಯಂಥ ಐಸಿನ ಕೆಳಗೆ ಕಾಂಕ್ರೀಟಿನ ನೆಲ, ಆ ನೆಲದೊಳಗೆ ಸುಮಾರು ಹತ್ತು ಸೆಂಟಿಮೀಟರಿಗೊಂದರಂತೆ ಸಾಲಾಗಿ ಹೂತ ಕೊಳವೆಗಳು. ಒಂದರ ತುದಿಗೊಂದು ಜೋಡಿಸಿದರೆ ಹದಿನೈದು ಕಿಲೋಮೀಟರ್ ದಾಟುತ್ತವೆ. ಅವುಗಳಲ್ಲಿ ಹರಿಯುವುದು ಬ್ರೈನ್, ಎಂದರೆ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ಉಪ್ಪುನೀರು. ಸೊನ್ನೆಗಿಂತ ಎಂಟೊಂಬತ್ತು ಡಿಗ್ರಿ ಕೆಳಗಿಳಿದರೂ ಅದು ಹೆಪ್ಪುಗಟ್ಟದು. ಇದೆಲ್ಲದರ ಅಡಿಯಲ್ಲಿ ಇನ್ನೊಂದು ಸಾಲು ಕೊಳವೆ, ಅದರಲ್ಲಿ ಬೆಚ್ಚನೆಯ ದ್ರವ! ಕೆಳಗಿನ ಮಣ್ಣೂ ಹೆಪ್ಪುಗಟ್ಟಿದರೆ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಹಾಗಾಗಿ ಐಸ್ ಉಳಿಯಬೇಕಾದರೆ ಅದರ ಬುಡ ಬೆಚ್ಚಗಿರಬೇಕು.

ಬ್ರೈನನ್ನು ತಣ್ಣಗಿಡುವುದು ಯಾರು? ಅಮೋನಿಯಾ. ಪಕ್ಕದ ಯಂತ್ರಕೋಣೆಯಲ್ಲಿ ಚಿಲ್ಲರ್ ಎಂಬ ದೊಡ್ಡ ಉರುಳೆ ಇರುತ್ತದೆ. ಅದರಲ್ಲಿ ಲೋಹದ ಗೋಡೆಯ ಒಂದು ಬದಿಗೆ ಬ್ರೈನ್, ಇನ್ನೊಂದು ಬದಿಗೆ ಅಮೋನಿಯಾ. ಶಾಖ ಗೋಡೆ ದಾಟಬೇಕು, ದ್ರವಗಳು ದಾಟಕೂಡದು.

ಇಲ್ಲಿ ಎತ್ತುಗಳು ಬಾನಿಯಲ್ಲಿ ನೀರು ಸೇದುತ್ತಿದ್ದ ನಮ್ಮ ಹಳೆಯ ಕಪಿಲೆ ಬಾವಿಯನ್ನು ನೆನೆಯಿರಿ. ಶಾಖ ತಾನಾಗಿ ಹರಿಯುವುದು ಬಿಸಿಯ ಕಡೆಯಿಂದ ತಂಪಿನ ಕಡೆಗೆ, ನೀರು ಇಳಿಜಾರಿಗೆ ಹರಿದಂತೆ. ಅದನ್ನು ತಂಪಿನ ತಳದಿಂದ ಎತ್ತಿ ಬಿಸಿಯ ದಡಕ್ಕೆ ಸುರಿಯಬೇಕಾದರೆ ಎತ್ತು ಎಳೆಯಲೇಬೇಕು. ಐಸ್ ಅಂಗಳದ ಎತ್ತು ಎಂದರೆ ಕರೆಂಟಿನಿಂದ ತಿರುಗುವ ಕಂಪ್ರೆಸರ್. ಬಾನಿ ಎಂದರೆ ಅಮೋನಿಯಾ. ಚಿಲ್ಲರಿನಲ್ಲಿ ಅದು ಕುದ್ದು ಆವಿಯಾಗುವಾಗ ಶಾಖ ತುಂಬಿಕೊಳ್ಳುತ್ತದೆ. ಕಂಪ್ರೆಸರ್ ಹಿಸುಕಿದಾಗ ಬಿಸಿಯಾಗಿ, ಹೊರಗಿನ ಕಂಡೆನ್ಸರಿನಲ್ಲಿ ಆ ಶಾಖವನ್ನು ಸುರಿದು ಮತ್ತೆ ದ್ರವವಾಗುತ್ತದೆ. ಖಾಲಿ ಬಾನಿ ಮತ್ತೆ ಬಾವಿಗೆ. ಅಮೋನಿಯಾದ ಹೆಚ್ಚುಗಾರಿಕೆ ಎಂದರೆ ಬಾನಿಯ ಗಾತ್ರ. ಒಂದು ಕಿಲೋ ಅಮೋನಿಯಾ ಆವಿಯಾಗುವಾಗ ಹೀರುವ ಶಾಖ 1,300 ಕಿಲೋಜೂಲಿಗೂ ಹೆಚ್ಚು. ಹಳೆಯ ಏಸಿಗಳಲ್ಲಿದ್ದ ಆರ್-22 ಎಂಬ ಶೀತಕ ಹೀರುವುದು ಅದರ ಐದನೆಯ ಒಂದು ಭಾಗಕ್ಕೂ ಕಡಿಮೆ. ಬಾವಿ ಆಳವಾದಷ್ಟೂ ಎತ್ತಿಗೆ ದುಡಿಮೆ ಜಾಸ್ತಿ. ಐಸನ್ನು ಬೇಕಾದ್ದಕ್ಕಿಂತ ಒಂದು ಡಿಗ್ರಿ ಹೆಚ್ಚು ತಣ್ಣಗಿಟ್ಟರೂ ಬಿಲ್ಲು ಏರುವುದು ಅದಕ್ಕೇ.

ಇಂಥ ಅಂಗಳವನ್ನು ಮೊದಲು ಮಾಡಿದವನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆತ ಎಂಜಿನಿಯರ್ ಅಲ್ಲ, ದನದ ಡಾಕ್ಟರು! ಹೆಸರು ಜಾನ್ ಗ್ಯಾಂಜಿ. ಬ್ರಿಟನ್ನಿನ ದನಗಳಿಗೆ ದೊಡ್ಡರೋಗ ಬಡಿದ ಕಾಲದಲ್ಲಿ ಹೆಸರು ಮಾಡಿದ್ದ ಈತ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಂದ ಮಾಂಸವನ್ನು ಹೆಪ್ಪುಗಟ್ಟಿಸಿ ತರುವ ದಾರಿ ಹುಡುಕುತ್ತಿದ್ದ. ಆ ಹುಡುಕಾಟದಲ್ಲಿ ಕೈಗೆ ಸಿಕ್ಕ ವಿದ್ಯೆಯಿಂದ 1876ರ ಜನವರಿಯಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ 'ಗ್ಲೇಸಿಯೇರಿಯಂ' ತೆರೆದ. ಕಾಂಕ್ರೀಟ್, ಅದರ ಮೇಲೆ ಮಣ್ಣು, ಶಾಖ ತಡೆಯಲು ದನದ ಕೂದಲು, ಮರದ ಹಲಗೆ; ಎಲ್ಲಕ್ಕೂ ಮೇಲೆ ಗ್ಲಿಸರಿನ್ ಬೆರೆಸಿದ ತಣ್ಣನೆಯ ದ್ರವ ಹರಿಯುವ ತಾಮ್ರದ ಕೊಳವೆ. ಪದಾರ್ಥಗಳು ಬದಲಾಗಿವೆ, ಪದರಗಳ ಲೆಕ್ಕಾಚಾರ ಇಂದಿಗೂ ಅದೇ. ಖರ್ಚು ವಿಪರೀತವಾಗಿ, ಐಸಿನಿಂದ ಏಳುವ ಮಂಜಿಗೆ ಗಿರಾಕಿಗಳೂ ಬೇಸತ್ತು, ಆ ಅಂಗಳ ಬಹುಕಾಲ ಬಾಳಲಿಲ್ಲ.

ಗ್ಯಾಂಜಿ ಸುಮ್ಮನಿರಲಿಲ್ಲ. 1880ರ ಹೊತ್ತಿಗೆ ಅಮೆರಿಕ ಸೇರಿ 'ಜೀರೋಮೋಟರ್' ಎಂಬ ಎಂಜಿನನ್ನು ಅಲ್ಲಿನ ನೌಕಾಪಡೆಯ ಮುಂದಿಟ್ಟ. ಸುತ್ತಲಿನ ಗಾಳಿ, ನೀರಿನ ಶಾಖಕ್ಕೇ ಅಮೋನಿಯಾ ಕುದಿಯುತ್ತದೆ, ಆವಿ ಪಿಸ್ಟನ್ ತಳ್ಳುತ್ತದೆ, ತಾನಾಗಿ ತಣಿದು ಮತ್ತೆ ದ್ರವವಾಗುತ್ತದೆ. ಕಲ್ಲಿದ್ದಲಿಲ್ಲದೆ ಹಡಗು ಓಡುತ್ತದೆ ಎಂಬುದು ಅವನ ವಾದ. ಅಧ್ಯಕ್ಷ ಗಾರ್ಫೀಲ್ಡ್ ಕೂಡ ನೋಡಿ ಮೆಚ್ಚಿದರಂತೆ. ಎಂಜಿನ್ ಓಡಲಿಲ್ಲ. ಓಡುವಂತೆಯೂ ಇರಲಿಲ್ಲ. ಆವಿ ದ್ರವವಾಗಬೇಕಾದರೆ ಅದಕ್ಕಿಂತ ತಣ್ಣನೆಯ ಜಾಗ ಬೇಕು, ಇಲ್ಲವೇ ಹಿಸುಕಲು ಹೊರಗಿನ ಬಲ ಬೇಕು. ಎತ್ತಿಲ್ಲದೆ ಕಪಿಲೆ ಹೊಡೆಯುವ ಈ ಆಸೆ ಇಂದಿಗೂ ಹೊಸ ಹೊಸ ಹೆಸರಿನಲ್ಲಿ ಮಾರಾಟವಾಗುತ್ತಲೇ ಇದೆ.

ಈಗಿನ ಇನ್ನೊಂದು ಜಾಹೀರಾತು ಅಮೋನಿಯಾವನ್ನು 'ನೈಸರ್ಗಿಕ ಶೀತಕ' ಎನ್ನುವುದು. 1930ರ ಸುಮಾರಿಗೆ ಬಂದ ಫ್ರೀಯಾನ್ ಎಂಬ ಕೃತಕ ಶೀತಕಗಳು ಮನೆಯ ಫ್ರಿಜ್ಜಿನಿಂದ ಅಮೋನಿಯಾದಂಥವನ್ನು ಹೊರದಬ್ಬಿದವು. ಫ್ರೀಯಾನ್ ಓಜೋನ್ ಪದರವನ್ನು ತಿನ್ನುತ್ತದೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಬದಲಿಗೆ ಬಂದವು ಭೂಮಿಯನ್ನು ಬಿಸಿಮಾಡುತ್ತವೆಂದು 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು. ಅಮೋನಿಯಾಕ್ಕೆ ಈ ಎರಡೂ ದೋಷಗಳಿಲ್ಲ, ನಿಜ. ಆದರೆ ನೈಸರ್ಗಿಕ ಎಂದಾಕ್ಷಣ ನಿರಪಾಯಕಾರಿ ಎಂದುಕೊಳ್ಳುವವರು ಫರ್ನಿಯಲ್ಲಿ ನಡೆದದ್ದನ್ನು ಓದಬೇಕು.

2017ರ ಅಕ್ಟೋಬರ್ 17. ಅರೀನಾದಲ್ಲಿ ಕರ್ಲಿಂಗ್ ಆಟದ ಐಸಿಗೆ ತಂಪು ಕೊಡುತ್ತಿದ್ದ ಚಿಲ್ಲರ್ ಹಳೆಯದು. ಅದರೊಳಗಿನ ಕೊಳವೆಗೆ ತುಕ್ಕು ಹಿಡಿದು ಸಣ್ಣ ತೂತು ಬಿದ್ದಿತ್ತು. ಸೋರಿಕೆ ತಿಂಗಳುಗಳ ಹಿಂದೆಯೇ ಗೊತ್ತಾಗಿದ್ದರೂ ಹಂಗಾಮು ಶುರುವಾದಾಗ ಮತ್ತೆ ಚಾಲೂ ಮಾಡಲಾಗಿತ್ತು. ಅಮೋನಿಯಾ ಬ್ರೈನಿಗೆ ಸೇರಿತು, ಬ್ರೈನ್ ಕೊಳವೆಯಲ್ಲಿ ಒತ್ತಡ ಏರಿತು, ಒಂದು ಜೋಡಣೆ ಕಳಚಿಕೊಂಡಿತು. ಯಂತ್ರಕೋಣೆಗೆ ಅಮೋನಿಯಾ ನುಗ್ಗಿ, ದುರಸ್ತಿಗೆಂದು ಬಂದಿದ್ದ ತಂತ್ರಜ್ಞ ಹಾಗೂ ನಗರದ ಇಬ್ಬರು ನೌಕರರು ಸತ್ತರು. ಸುತ್ತಲಿನ ಮನೆಗಳವರನ್ನು ದಿನಗಟ್ಟಲೆ ತೆರವು ಮಾಡಿಸಬೇಕಾಯಿತು. ಗಾಳಿಯ ದಶಲಕ್ಷ ಪಾಲಿಗೆ 300 ಪಾಲು ಅಮೋನಿಯಾ ಇದ್ದರೆ ಅಮೆರಿಕದ ಸುರಕ್ಷತಾ ಮಾನದಂಡ ಅದನ್ನು ತಕ್ಷಣದ ಜೀವಾಪಾಯ ಎನ್ನುತ್ತದೆ.

ಇದು ದೂರದ ಹಿಮನಾಡಿನ ಸಂಗತಿ ಎಂದು ಪುಟ ತಿರುಗಿಸಬೇಡಿ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮೀನಿಗೆ ಬೇಕಾದ ಐಸ್ ಗಟ್ಟಿ ತಯಾರಾಗುವುದೂ ಇದೇ ಪದ್ಧತಿಯಲ್ಲಿ. ಉಪ್ಪುನೀರಿನ ತೊಟ್ಟಿ, ಅದರಲ್ಲಿ ಮುಳುಗಿಸಿದ ತಗಡಿನ ಡಬ್ಬಿಗಳು, ಉಪ್ಪುನೀರನ್ನು ತಣಿಸಲು ಅಮೋನಿಯಾ. ಊರೂರಿನ ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲೂ ಅದರದೇ ದರ್ಬಾರು. ಅಮೋನಿಯಾ ಬಿಡಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಬಾನಿ ಸುಲಭಕ್ಕೆ ಸಿಗದು. ಬ್ರೈನಿನ ಮಾದರಿ ತೆಗೆದು ಅಮೋನಿಯಾ ಸೇರಿದೆಯೇ ಎಂದು ಕಾಲಕಾಲಕ್ಕೆ ನೋಡುವುದು, ಸೇರಿದ್ದರೆ ಅಂದೇ ಚಿಲ್ಲರ್ ನಿಲ್ಲಿಸುವುದು, ಆಯಸ್ಸು ಮುಗಿದದ್ದನ್ನು ಬದಲಿಸುವುದು: ಇದರಲ್ಲಿ ಹೊಸ ವಿಜ್ಞಾನವೇನೂ ಇಲ್ಲ, ದುಡ್ಡು ಮತ್ತು ಶಿಸ್ತಿನ ಮಾತು. ಸಣ್ಣ ಊರಿನ ಬಜೆಟ್ಟಿನಲ್ಲಿ ಮುಂದಿನ ವರ್ಷಕ್ಕೆ ತಳ್ಳಲು ತೀರಾ ಸುಲಭವಾದ ಬಾಬತ್ತೂ ಅದೇ.