ಯಾವ ಪ್ರಕರಣ ಯಾವ ಪೀಠಕ್ಕೆ?

ಹೈಕೋರ್ಟಿಗೆ ಬಂದ ಪ್ರಕರಣವನ್ನು ಯಾವ ನ್ಯಾಯಮೂರ್ತಿ ಕೇಳಬೇಕು, ಒಬ್ಬರೇ ಕೇಳಬೇಕೋ ಇಬ್ಬರು ಮೂವರು ಕೂಡಿ ಕೇಳಬೇಕೋ, ಒಂದು ಪೀಠದ ಮುಂದಿರುವುದನ್ನು ಇನ್ನೊಂದಕ್ಕೆ ಕಳಿಸಬೇಕೋ ಎಂಬುದನ್ನು ನಿರ್ಧರಿಸುವವರು ಮುಖ್ಯ ನ್ಯಾಯಮೂರ್ತಿಗಳು. ತೀರ್ಪು ಬರೆಯುವಾಗ ಅವರು ಉಳಿದ ನ್ಯಾಯಮೂರ್ತಿಗಳಿಗೆ ಸಮಾನರು. ಕೆಲಸ ಹಂಚುವ ವಿಷಯದಲ್ಲಿ ಮಾತ್ರ ಅವರ ಮಾತೇ ಕೊನೆಯದು. ಈ ಹಂಚಿಕೆಯ ಪಟ್ಟಿಗೆ ರೋಸ್ಟರ್ ಎನ್ನುತ್ತಾರೆ.

ಸವದತ್ತಿ ತಾಲ್ಲೂಕಿನ ಮನೋಳಿಯಂಥ ಊರಿನ ಕಕ್ಷಿದಾರರಿಗೆ ಪೀಠವೆಂದರೆ ನ್ಯಾಯಮೂರ್ತಿಗಳಷ್ಟೇ ಅಲ್ಲ, ದೂರವೂ ಹೌದು. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ ಇಲ್ಲಿಯ ಹೈಕೋರ್ಟ್ ಮೇಲ್ಮನವಿಗಳು ಮುಂಬೈಗೆ ಹೋಗುತ್ತಿದ್ದವು. 1956ರ ನವೆಂಬರ್ 1ರ ನಂತರ ಅವು ಬೆಂಗಳೂರಿನತ್ತ ತಿರುಗಿದವು. ಹೊಲದ ಹಿಸ್ಸೆಯ ವ್ಯಾಜ್ಯಕ್ಕೂ 400 ಕಿಲೋಮೀಟರಿಗಿಂತ ಹೆಚ್ಚು ಪಯಣಿಸಬೇಕಿತ್ತು. ಉತ್ತರ ಕರ್ನಾಟಕದ ವಕೀಲರ ಮತ್ತು ಜನರ ದೀರ್ಘ ಹೋರಾಟದ ಫಲವಾಗಿ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟ್‌ನಲ್ಲಿ ಅವು ಕಾಯಂ ಆದವು. ಈಗ ಮನೋಳಿಯವರು ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು.

ಈ ಪೀಠಗಳ ಬುಡ ಇರುವುದು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಕಲಮಿನಲ್ಲಿ. ಕಾಯಂ ಪೀಠವನ್ನು ರಾಷ್ಟ್ರಪತಿಗಳು ಸ್ಥಾಪಿಸಬೇಕು. ಆದರೆ ರಾಜ್ಯಪಾಲರ ಒಪ್ಪಿಗೆ ಪಡೆದು ನ್ಯಾಯಮೂರ್ತಿಗಳು ಬೇರೆ ಊರಿನಲ್ಲಿಯೂ ಕಲಾಪ ನಡೆಸುವಂತೆ ಮುಖ್ಯ ನ್ಯಾಯಮೂರ್ತಿಗಳೇ ಗೊತ್ತುಪಡಿಸಬಹುದು. ಮಹಾರಾಷ್ಟ್ರದ ಔರಂಗಾಬಾದ್ ಪೀಠದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಈ ಅಧಿಕಾರವನ್ನು ಎತ್ತಿಹಿಡಿಯಿತು.

ಒಂದೇ ಊರಿನ ಪೀಠಗಳ ನಡುವಿನ ಹಂಚಿಕೆಯನ್ನು ಸ್ಪಷ್ಟಪಡಿಸಿದ್ದು ರಾಜಸ್ಥಾನ ಸರ್ಕಾರ ಮತ್ತು ಪ್ರಕಾಶ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ತಮಗೆ ಹಂಚಿಕೆಯಾಗದ ಪ್ರಕರಣವನ್ನು ಯಾವ ನ್ಯಾಯಮೂರ್ತಿಯೂ ತಾವಾಗಿ ಕೈಗೆತ್ತಿಕೊಳ್ಳುವಂತಿಲ್ಲ. ಅರ್ಧ ವಿಚಾರಣೆಯಾದ ಪ್ರಕರಣವನ್ನು ಕೂಡ ಮುಖ್ಯ ನ್ಯಾಯಮೂರ್ತಿಗಳು ದೊಡ್ಡ ಪೀಠಕ್ಕೆ ಒಪ್ಪಿಸಬಹುದು. ಶಾಲಾ ಕಾಲೇಜುಗಳಲ್ಲಿ ಹಿಜಾಬ್ ಧರಿಸುವ ಕುರಿತ ಅರ್ಜಿಗಳಲ್ಲಿ ಕರ್ನಾಟಕ ಇದನ್ನು ಕಣ್ಣಾರೆ ಕಂಡಿತು. 2022ರ ಫೆಬ್ರವರಿ 9ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಏಕಸದಸ್ಯ ಪೀಠ, ವಿಷಯದ ಗಾಂಭೀರ್ಯವನ್ನು ಕಂಡು, ಕಡತವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿತು. ಅಂದೇ ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ ಮೂವರ ಪೀಠ ರಚಿಸಿದರು. ಮರುದಿನವೇ ವಿಚಾರಣೆ ಆರಂಭವಾಗಿ, ಮಾರ್ಚ್ 15ರಂದು ತೀರ್ಪು ಬಂತು.

ಊರಿನಿಂದ ಊರಿಗೆ ಪ್ರಕರಣ ಕಳಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಒಂದೇ ಕಾನೂನನ್ನು ಪ್ರಶ್ನಿಸುವ ಅರ್ಜಿಗಳು ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ದಾಖಲಾದರೆ, ತೀರ್ಪುಗಳು ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಅಂಥವನ್ನು ಒಂದೆಡೆ ಸೇರಿಸಿ ಕೇಳುವುದು ನ್ಯಾಯಸಮ್ಮತ. ಉತ್ತರ ಪ್ರದೇಶದ ನಾಸಿರುದ್ದೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ ಎಳೆದ ಗೆರೆ ಇಲ್ಲಿ ದಾರಿ ತೋರಿಸುತ್ತದೆ: ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದಲ್ಲಿ ದಾಖಲಾದ ಪ್ರಕರಣವನ್ನು ಅಲಹಾಬಾದಿನಲ್ಲಿ ಕೇಳುವಂತೆ ಮುಖ್ಯ ನ್ಯಾಯಮೂರ್ತಿಗಳು ಆದೇಶಿಸಬಹುದು, ಆದರೆ ಲಖನೌದಲ್ಲಿ ದಾಖಲಿಸುವ ಹಕ್ಕನ್ನೇ ಕಿತ್ತುಕೊಳ್ಳುವಂತಿಲ್ಲ.

ಕೆಳ ನ್ಯಾಯಾಲಯಗಳ ನಡುವಿನ ವರ್ಗಾವಣೆ ಬೇರೆಯದೇ ಮಾತು. ಸವದತ್ತಿಯ ದಾವೆಯನ್ನು ಜಿಲ್ಲೆಯ ಬೇರೊಂದು ನ್ಯಾಯಾಲಯಕ್ಕೆ ಕಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಅರ್ಜಿ ಹಾಕಬೇಕು. ಅದು ಎರಡೂ ಕಡೆಯವರನ್ನು ಕೇಳಿ ಹೊರಡಿಸುವ ನ್ಯಾಯಿಕ ಆದೇಶ. ರೋಸ್ಟರ್ ಹಂಚಿಕೆ ಆಡಳಿತದ ಕೆಲಸ.

ರೋಸ್ಟರ್ ರೂಪಿಸುವ ಈ ಅಧಿಕಾರ ಒಬ್ಬರ ಕೈಯಲ್ಲೇ ಇರುವುದರಿಂದ ಅನುಮಾನಗಳೂ ಏಳುತ್ತವೆ. 2018ರ ಜನವರಿ 12ರಂದು ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪ್ರಕರಣಗಳ ಹಂಚಿಕೆಯ ಬಗ್ಗೆ ಬಹಿರಂಗವಾಗಿ ಅಸಮಾಧಾನ ಹೇಳಿದರು. ಅದೇ ವರ್ಷದ ಜುಲೈನಲ್ಲಿ ಶಾಂತಿ ಭೂಷಣ್ ಪ್ರಕರಣದಲ್ಲಿ, ರೋಸ್ಟರ್ ಮುಖ್ಯ ನ್ಯಾಯಮೂರ್ತಿಗಳದೇ ಎಂದು ಸುಪ್ರೀಂ ಕೋರ್ಟ್ ಮತ್ತೆ ಸಾರಿತು. ಕಕ್ಷಿದಾರರು ತಮಗೆ ಬೇಕಾದ ಪೀಠ ಆರಿಸಿಕೊಳ್ಳದಂತೆ ತಡೆಯಲು ಒಬ್ಬರ ನಿಯಂತ್ರಣ ಅಗತ್ಯ. ಆದರೆ ಅದು ನಂಬಿಕೆ ಉಳಿಸಿಕೊಳ್ಳಬೇಕಾದರೆ ರೋಸ್ಟರ್ ಪ್ರಕಟವಾಗಬೇಕು, ವರ್ಗಾವಣೆಗೆ ಕಾರಣ ತಿಳಿಯುವಂತಿರಬೇಕು, ದೂರದೂರಿನ ಕಕ್ಷಿದಾರರ ಖರ್ಚುವೆಚ್ಚವೂ ಲೆಕ್ಕಕ್ಕೆ ಬರಬೇಕು. ಹೋರಾಡಿ ಹತ್ತಿರಕ್ಕೆ ತಂದುಕೊಂಡ ಪೀಠದ ಪ್ರಯೋಜನ ಆಗ ಮಾತ್ರ ಜನರಿಗೆ ಪೂರ್ತಿ ದಕ್ಕುತ್ತದೆ.