ಊರ ಹೆಸರೂ ಭೂಪಟವೂ

1799ರಲ್ಲಿ ಶ್ರೀರಂಗಪಟ್ಟಣವು ಪತನಹೊಂದಿದ ತರುವಾಯ ಮೈಸೂರು ಸೀಮೆಯ ಮೋಜಣಿಯ ಹೊಣೆಯು ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಅಧಿಕಾರಿಗೆ ಬಂದಿತು. ನೆಲವನ್ನು ಅಳೆದು ಗೆರೆ ಎಳೆಯುವುದಷ್ಟಕ್ಕೇ ಅವನು ತೃಪ್ತನಾಗಲಿಲ್ಲ. ಊರುಗಳ ಹೆಸರು, ಗುಡಿ, ಕೋಟೆ, ಕೆರೆ, ಶಾಸನ ಇವುಗಳ ವಿವರವನ್ನೂ ಸಂಗ್ರಹಿಸತೊಡಗಿದನು. ಆದರೆ ಅವನಿಗೆ ಈ ನಾಡಿನ ಭಾಷೆಗಳು ತಿಳಿದಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಎಂಬ ಸೋದರರು, ಜೈನ ವಿದ್ವಾಂಸ ಧರ್ಮಯ್ಯ ಮೊದಲಾದ ದೇಶೀಯ ಸಹಾಯಕರು. ಅವರು ಊರೂರಿಗೆ ಹೋಗಿ ತಿಳಿದವರನ್ನು ವಿಚಾರಿಸಿದರು. ಶಾಸನಗಳನ್ನು ನಕಲು ಮಾಡಿದರು. ಹೀಗೆ ದೊರೆತ ಸ್ಥಳವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು. 1821ರಲ್ಲಿ ಮೆಕೆಂಜಿಯು ತೀರಿಕೊಂಡನು. ಅವನ ಸಂಗ್ರಹವು ಇಂದಿಗೂ ಚೆನ್ನೈ, ಲಂಡನ್ ನಗರಗಳ ಗ್ರಂಥಾಲಯಗಳಲ್ಲಿ ಉಳಿದಿದೆ.

ಊರ ಹೆಸರೂ ಒಂದು ಶಾಸನವೇ. ಬೆಂಗಳೂರಿನ ಜಕ್ಕಸಂದ್ರ, ಸಿಂಗಸಂದ್ರಗಳಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ. ದೊಡ್ಡ ಕೆರೆಯನ್ನು ನಮ್ಮ ಹಿರಿಯರು ಸಮುದ್ರವೆಂದು ಕರೆದರು. ಕೆರೆಯು ಬತ್ತಿ ಮನೆಗಳೆದ್ದರೂ ಅಲ್ಲಿ ನೀರು ನಿಂತಿದ್ದಿತೆಂಬುದನ್ನು ಹೆಸರು ಸಾರುತ್ತದೆ. ಅದನ್ನು ತಪ್ಪಾಗಿ ಬರೆದರೆ ಆ ಸಾಕ್ಷ್ಯವೂ ಅಳಿಯುವುದು. ಗುಡಿಯು ಕುಸಿದರೆ ಕಲ್ಲಾದರೂ ಉಳಿದೀತು. ಮರೆತುಹೋದ ಹೆಸರಿಗೆ ಕುರುಹೇ ಇರದು. ಆದುದರಿಂದ ಹೆಸರನ್ನು ಊರವರ ಬಾಯಿಂದಲೇ ಕೇಳಿ, ಅವರು ನುಡಿದಂತೆಯೇ ಬರೆದಿಡುವುದು ಭೂಪಟ ರಚಿಸುವವರ ಮೊದಲ ಕರ್ತವ್ಯ.