ಪರದೇಶದವರೊಡನೆ ಮದುವೆ: ಕಾಗದಪತ್ರಗಳ ಸಿದ್ಧತೆ

ಸಂಜೆಯ ಹೊತ್ತು ವಾಚನಾಲಯಕ್ಕೆ ಅರ್ಜಿ ಬರೆಸಿಕೊಳ್ಳಲು ಬರುವ ಬಂಧುಗಳಲ್ಲಿ ಒಬ್ಬರು ಮೊನ್ನೆ ಹೀಗೆ ಕೇಳಿದರು: “ಹುಡುಗಿ ಫಿಲಿಪೈನ್ಸಿನವಳು, ರಾಯರೇ. ದುಬೈಯಲ್ಲಿ ಒಂದೇ ಕಂಪನಿಯಲ್ಲಿದ್ದೆವು. ಮದುವೆ ಮುಂಬಯಿಯಲ್ಲೇ ಆಗಬೇಕು. ಯಾವ ಕಾಗದ ಮೊದಲು ಮಾಡಿಸಲಿ?” ಇದೇ ಪ್ರಶ್ನೆ ಬೇರೆಯವರಿಗೂ ಇರಬಹುದಾದ್ದರಿಂದ, ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ.

ವಧೂವರರ ಮತ, ದೇಶ ಯಾವುದೇ ಇರಲಿ, ಇಂಥವರಿಗೆ ಒದಗುವುದು 1954ರ ವಿಶೇಷ ವಿವಾಹ ಕಾಯಿದೆ. 1955ರ ಹಿಂದೂ ವಿವಾಹ ಕಾಯಿದೆಯಂತೆ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕೆಂಬುದು ಎಲ್ಲರಿಗೂ ಗೊತ್ತೇ ಇದೆ.

ಇಬ್ಬರಲ್ಲಿ ಒಬ್ಬರಾದರೂ ಯಾವ ಜಿಲ್ಲೆಯಲ್ಲಿ ಹಿಂದಿನ 30 ದಿನ ವಾಸವಾಗಿದ್ದಾರೋ ಅಲ್ಲಿಯ ವಿವಾಹಾಧಿಕಾರಿಗೆ ಲಿಖಿತ ನೋಟೀಸು ಕೊಡಬೇಕು. ಊರಿನ ರೇಷನ್ ಕಾರ್ಡು ಇಲ್ಲಿ ಸಾಲದು. ಈಗಿರುವ ಖೋಲಿಯ ಬಾಡಿಗೆ ಪತ್ರ ಮುಂತಾದ ಪುರಾವೆ ಬೇಕು. ನೋಟೀಸು ಕಚೇರಿಯ ಫಲಕದ ಮೇಲೆ ಬೀಳುತ್ತದೆ. ಅಲ್ಲಿಂದ 30 ದಿನ ಕಳೆದ ಮೇಲೆ ಮದುವೆ. ಆದರೆ ನೋಟೀಸು ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಅಂದರೆ ಕೈಗೆ ಸಿಗುವ ಕಾಲ ಸುಮಾರು ಎರಡೇ ತಿಂಗಳು. ಹುಡುಗಿಯ ವೀಸಾ, ನಿಮ್ಮ ರಜೆ ಎರಡೂ ಆ ಎರಡು ತಿಂಗಳೊಳಗೇ ಕೂಡಿಬರಬೇಕು.

ಇನ್ನೊಂದು ಸಂಗತಿಯನ್ನು ನಮ್ಮ ಹುಡುಗರು ತಿಳಿದಿರುವುದಿಲ್ಲ. ನಿಮ್ಮ ಕಾಯಂ ವಾಸ ಧಾರವಾಡವೋ ಉಡುಪಿಯೋ ಆಗಿದ್ದರೆ, ಕಾಯಿದೆಯ 6ನೆಯ ಕಲಮಿನಂತೆ ನೋಟೀಸಿನ ಪ್ರತಿ ಆ ಜಿಲ್ಲೆಗೂ ಹೋಗಿ ಅಲ್ಲಿಯ ಫಲಕವನ್ನೇರುತ್ತದೆ. ಫಲಕ ಓದುವವರು ಊರಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ತಾಯಿಗೆ ಆ ಸುದ್ದಿ ಪರರ ಬಾಯಿಂದ ತಲುಪುವ ಮೊದಲು ನೀವೇ ಹೋಗಿ ಹೇಳಿಬನ್ನಿ. ಹೇಳುವುದು ಕಷ್ಟವೇ, ನಾವು ಅಲ್ಲವೆನ್ನುವುದಿಲ್ಲ. ಆದರೆ ಹೆದರಬೇಕಾಗಿಲ್ಲ: ಜಾತಿ ಬೇರೆ, ಮನೆಯವರಿಗೆ ಒಪ್ಪಿಗೆಯಿಲ್ಲ ಎಂಬ ತಕರಾರು ಕಾಯಿದೆಯಲ್ಲಿ ನಿಲ್ಲದು. ವಯಸ್ಸು ಸಾಲದು, ಮೊದಲ ಮದುವೆ ಇನ್ನೂ ಮುರಿದಿಲ್ಲ, ನಿಷಿದ್ಧ ಸಂಬಂಧ ಇಂಥ ಕಾರಣಗಳಿಗೆ ಮಾತ್ರ ಬೆಲೆ. ತಕರಾರು ಬಂದರೆ ಅಧಿಕಾರಿ 30 ದಿನದೊಳಗೆ ತೀರ್ಮಾನಿಸಬೇಕು; ನಿಮಗೆ ವಿರುದ್ಧವಾದರೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು.

ಹುಡುಗಿಯ ಕಡೆಯ ಮುಖ್ಯ ಕಾಗದ, ಆಕೆ ಅವಿವಾಹಿತೆ ಎಂಬುದಕ್ಕೆ ಆಧಾರ. ಫಿಲಿಪೈನ್ಸಿನಲ್ಲಿ ಅಲ್ಲಿಯ ಸರಕಾರದ ಅಂಕಿಅಂಶ ಇಲಾಖೆಯೇ ‘ಮದುವೆ ದಾಖಲಾಗಿಲ್ಲ’ ಎಂಬ ಪತ್ರ ಕೊಡುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ವಿವಾಹ ದಾಖಲೆಯಿಲ್ಲ. ಅಲ್ಲಿಯವರು ಸಾಮಾನ್ಯವಾಗಿ ಅಫಿಡವಿಟ್ಟು ಮಾಡುತ್ತಾರೆ. ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಕೊನೆಯ ಡಿಕ್ರಿ, ಇಲ್ಲವೆ ಮರಣ ಪ್ರಮಾಣಪತ್ರ. ಇವುಗಳ ಮೇಲೆ ಆಕೆಯ ದೇಶದಲ್ಲೇ ಅಪೊಸ್ಟೀಲ್ ಎಂಬ ಮೊಹರು ಹಾಕಿಸಬೇಕು. 1961ರ ಹೇಗ್ ಒಪ್ಪಂದದಿಂದ ಬಂದ ಮೊಹರು ಇದು. ಭಾರತಕ್ಕೆ 2005ರಿಂದ, ಫಿಲಿಪೈನ್ಸಿಗೆ 2019ರಿಂದ ಅನ್ವಯ. ಒಪ್ಪಂದಕ್ಕೆ ಸೇರದ ದೇಶವಾದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು. ಹಳೆಯ ಅವಿವಾಹಿತ ಪತ್ರವನ್ನು ಕಚೇರಿಯವರು ಒಪ್ಪದಿರಬಹುದು. ಎಷ್ಟು ಹೊಸದಿರಬೇಕೆಂದು ಮೊದಲೇ ಕೇಳಿಕೊಂಡು, ಅದನ್ನು ಕೊನೆಗೆ ತರಿಸಿ.

ನಮ್ಮವರು ನಿಜವಾಗಿ ಎಡವುವುದು ಹೆಸರಿನಲ್ಲಿ. ಮೈಸೂರು ಕಡೆಯವರ ಹೆಸರಿನ ಮುಂದೆ ಊರು, ತಂದೆಯ ಹೆಸರುಗಳ ಮೊದಲಕ್ಷರ. ಹುಬ್ಬಳ್ಳಿ ಕಡೆಯವರಿಗೆ ತಂದೆಯ ಹೆಸರು ನಡುವೆ, ಮನೆತನದ್ದು ಕೊನೆಗೆ. ಮಿತ್ರರೊಬ್ಬರ ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿ ಮನೆತನದ ಹೆಸರಿತ್ತು, ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ತಂದೆಯ ಹೆಸರು ಕುಳಿತಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ನೋಟೀಸಿನ ಮೂರು ತಿಂಗಳು ಮುಗಿದು, ಹುಡುಗಿ ವಿಮಾನ ಹತ್ತಿ ಹೊರಟುಹೋದಳು. ಪುಣ್ಯಕ್ಕೆ ಮರುವರ್ಷ ಬಂದಳು! ನೋಟೀಸಿನಲ್ಲಿ ಪಾಸ್‌ಪೋರ್ಟಿನ ಕಾಗುಣಿತವೇ ಅಕ್ಷರಕ್ಷರ ಇರಲಿ.

ವಿವಾಹ ಪ್ರಮಾಣಪತ್ರದ ಕೆಲವು ದೃಢೀಕೃತ ಪ್ರತಿಗಳನ್ನು ಆಗಲೇ ತೆಗೆದಿಡಿ. ಅದು ಪೌರತ್ವ ಕೊಡುವುದಿಲ್ಲ. ಭಾರತೀಯನ ಪತ್ನಿ ಇಲ್ಲಿ ಏಳು ವರ್ಷ ವಾಸಿಸಿದ ಮೇಲೆ 1955ರ ಪೌರತ್ವ ಕಾಯಿದೆಯಂತೆ ಅರ್ಜಿ ಹಾಕಬಹುದು.

ಮದುವೆಯ ದಿನ ರುಜು ಹಾಕಲು ಮೂವರು ಸಾಕ್ಷಿಗಳು ಬೇಕು. ಹೊಸ ಊರಿನಲ್ಲಿ ಮೂರನೆಯವರು ಸಿಗದಿದ್ದರೆ ವಾಚನಾಲಯದಲ್ಲಿ ಒಂದು ಮಾತು ಹೇಳಿ.